ರಾಸ್ಪ್‌ಬೆರಿ ಪೈ ಮೇಲೆ ಪೇಜ್‌ಮೇಕರ್: ಹಳೆಯ ಡಿಟಿಪಿ ಫೈಲ್‌ಗಳನ್ನು ತೆರೆಯೋ ಯಂತ್ರ

ಈ ಯಂತ್ರಕ್ಕೆ ಇರೋದು ಒಂದೇ ಕೆಲಸ. ಇಪ್ಪತ್ತು ಇಪ್ಪತ್ತೈದು ವರ್ಷದ ಹಿಂದೆ ಪುಟ ಜೋಡಿಸೋ ತಂತ್ರಾಂಶವಾದ ಪೇಜ್‌ಮೇಕರ್ 6.5ರಲ್ಲಿ ಕಟ್ಟಿದ ಕನ್ನಡ ಪುಟಗಳನ್ನು ಆಗ ಹೇಗಿದ್ದವೋ ಹಾಗೇ ತೆರೆಯಬೇಕು. ಅವುಗಳಿಂದ ಪಿಡಿಎಫ್ ತೆಗೆಯಬೇಕು. ಒಳಗಿನ ಬರಹವನ್ನು ಈಗಿನ ಕಂಪ್ಯೂಟರುಗಳೆಲ್ಲ ಓದೋ ಯುನಿಕೋಡ್ ಸಂಕೇತಕ್ಕೆ ಬದಲಿಸಿ ಹೊರಗೆ ತರಬೇಕು. ಕೆಳಗೆ ರಾಸ್ಪ್‌ಬೆರಿ ಪೈ 5 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್, ಅದರ ಮೇಲೆ ಹಳೆಯ ಪಿಸಿಯನ್ನು ಅನುಕರಿಸೋ ತಂತ್ರಾಂಶ ಕ್ಯೂಎಮು, ಅದರೊಳಗೆ ವಿಂಡೋಸ್ 98, ಅದರೊಳಗೆ ಪೇಜ್‌ಮೇಕರ್ ಮತ್ತು ಕನ್ನಡ ಟೈಪಿಂಗ್ ತಂತ್ರಾಂಶ ನುಡಿ. ಈಗ ಇದು ಓಡುತ್ತಿದೆ. ಇಂಥ ಫೈಲ್‌ಗಳು ನಮ್ಮ ಎಷ್ಟೋ ಊರುಗಳ ಡಿಟಿಪಿ ಅಂಗಡಿಗಳ ಕಪಾಟಿನಲ್ಲಿ ಕೂತಿವೆ. ಅದಕ್ಕೇ ಕಟ್ಟಿದ ಬಗೆಯನ್ನು ಪೂರ್ತಿ ಬರೆಯುತ್ತಿದ್ದೇನೆ.

ಫೈಲ್‌ಗಳು ನಮ್ಮ ಚಿಕ್ಕಪ್ಪನವು. ಅವರು ಸಾಗರದಲ್ಲಿ ಬಹಳ ವರ್ಷ ಡಿಟಿಪಿ ಮಾಡಿದವರು. ಯಕ್ಷಗಾನ ಪ್ರಸಂಗದ ಪುಸ್ತಕ, ಶಾಲೆಗಳ ಸ್ಮರಣ ಸಂಚಿಕೆ, ಕವನ ಸಂಕಲನ, ಸಹಕಾರ ಸಂಘದ ವಾರ್ಷಿಕ ವರದಿ, ಎಲ್ಲವೂ ಅದರಲ್ಲಿವೆ. ಪುಟ ಕಟ್ಟೋದು, ಲೇಸರ್ ಪ್ರಿಂಟರ್‌ನಲ್ಲಿ ಬಟರ್ ಪೇಪರ್ ಮೇಲೆ ಔಟ್‌ಪುಟ್ ತೆಗೆಯೋದು, ಆಫ್‌ಸೆಟ್ ಪ್ರೆಸ್ಸಿಗೆ ಕಳಿಸೋದು, ಇದು ಆಗಿನ ಕ್ರಮ. ಕೆಲವು ಪುಸ್ತಕಗಳ ಅಚ್ಚಾದ ಪ್ರತಿ ಬರೆದವರ ಮನೆಯಲ್ಲೂ ಸಿಗುವುದಿಲ್ಲ. ಅವು ಉಳಿದಿರೋದು ಈ ಫೈಲ್‌ಗಳಲ್ಲಿ ಮಾತ್ರ.

ಈಗಿನ ತಂತ್ರಾಂಶದಲ್ಲೇ ತೆರೆಯಬಾರದೇಕೆ ಅಂತ ಕೇಳಬಹುದು. ಪೇಜ್‌ಮೇಕರ್ ಹುಟ್ಟಿದ್ದು 1985ರಲ್ಲಿ, ಆಲ್ಡಸ್ ಕಂಪನಿಯಲ್ಲಿ. 1994ರಲ್ಲಿ ಆಲ್ಡಸ್ ಅಡೋಬಿಯ ಕೈಗೆ ಬಂತು. 2001ರ 7.0 ಅದರ ಕೊನೆಯ ದೊಡ್ಡ ಆವೃತ್ತಿ. ಅದರ ಜಾಗ ಹಿಡಿದ ಅಡೋಬಿಯದೇ ಇನ್‌ಡಿಸೈನ್ ಸಿಎಸ್6 ತನಕ ಪೇಜ್‌ಮೇಕರ್ ಫೈಲ್ ತೆರೆಯುತ್ತಿತ್ತು, ಈಗಿನ ಇನ್‌ಡಿಸೈನ್ ತೆರೆಯುವುದಿಲ್ಲ. ಲಿಬ್ರೆಆಫೀಸ್ ಡ್ರಾ ತೆರೆಯುತ್ತದೆ, ಆ ಕೆಲಸ ಮಾಡಿದವರಿಗೆ ನಮಸ್ಕಾರ ಹೇಳಬೇಕು. ಆದರೆ ನಮ್ಮ ಫೈಲ್‌ಗಳಲ್ಲಿ ಬರಹ ಮತ್ತು ಚೌಕಟ್ಟು ಸಿಕ್ಕವೇ ಹೊರತು ಪುಟದ ಜೋಡಣೆ ಉಳಿಯಲಿಲ್ಲ. ಪ್ರಸಂಗದ ಪದ್ಯಗಳಲ್ಲಿ ಸಾಲು ಎಲ್ಲಿ ಒಡೆಯುತ್ತದೆ ಅನ್ನೋದು ಮುಖ್ಯ ಅಲ್ವಾ? ಅಲ್ಲಿ ಅಂದಾಜಿನ ಜೋಡಣೆ ಸಾಲದು.

ಕನ್ನಡಕ್ಕೆ ಇನ್ನೊಂದು ತೊಡಕಿದೆ. ಇಂಗ್ಲಿಷ್ ಫೈಲ್ ಆದರೆ ಫಾಂಟ್ ಕಳೆದರೂ ಓದಬಹುದು. ನುಡಿ, ಬರಹ ಅನ್ನೋ ಟೈಪಿಂಗ್ ತಂತ್ರಾಂಶಗಳ ಕಾಲದ ಫೈಲ್ ಹಾಗಲ್ಲ. ಅದರಲ್ಲಿ ಕನ್ನಡ ಅಕ್ಷರವೇ ಇಲ್ಲ. ಇರೋದು ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳ ಅಕ್ಷರಗಳ ಸಂಕೇತ. ಅದರ ಮೇಲೆ ಕನ್ನಡದ ತುಂಡುಗಳ ಚಿತ್ರ ಕೂರಿಸಿದ ಫಾಂಟ್ ಇದ್ದರೆ ಮಾತ್ರ ಕಣ್ಣಿಗೆ ಕನ್ನಡ ಕಾಣುತ್ತದೆ. ‘ಕನ್ನಡ’ ಅನ್ನೋ ಪದವನ್ನೇ ನೋಡಿ. ಫೈಲ್ ಒಳಗೆ ಅದು ಹೀಗಿದೆ: ದೊಡ್ಡ ಪಿ, ನೆತ್ತಿ ಮೇಲೆ ಓರೆ ಗೆರೆಯಿರೋ ಎ, ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಚಿಕ್ಕ ಕ್ಯೂ, ಮತ್ತೆ ಅದೇ ಎ. ಪಿ ಅಂದರೆ ಕಕಾರದ ಒಡಲು. ಆ ಎ ಅಂದರೆ ತಲೆಕಟ್ಟು. ಪೌಂಡ್ ಅಂದರೆ ನಕಾರದ ಒಡಲು, ಜೋಡಿ ಎಸ್ ಅಂದರೆ ನಕಾರದ ಒತ್ತು, ಕ್ಯೂ ಅಂದರೆ ಡಕಾರದ ಒಡಲು. ಹಾಗಾಗಿ ಫೈಲ್, ಫಾಂಟ್, ತಂತ್ರಾಂಶ ಮೂರೂ ಒಟ್ಟಿಗೇ ಉಳಿಯಬೇಕು. ಒಂದು ಹೋದರೂ ಉಳಿದೆರಡರಿಂದ ಪೂರ್ತಿ ಪುಟ ಬರುವುದಿಲ್ಲ. ಮೂರನ್ನೂ ಒಂದೇ ಪುಟ್ಟ ಪೆಟ್ಟಿಗೆಯಲ್ಲಿ ಕೂರಿಸೋದೇ ಈ ಕೆಲಸ.

ಬೋರ್ಡ್ ಮತ್ತು ಕರೆಂಟು

ಪೈ 4 ಕೂಡ ಆಗುತ್ತದೆ. ನಾನು ಪೈ 5 ಆರಿಸಿದ್ದು ವೇಗಕ್ಕೆ. ಪೈ 4ರಲ್ಲಿ ಕಾರ್ಟೆಕ್ಸ್ ಎ72 ಕೋರ್‌ಗಳು, ಪೈ 5ರಲ್ಲಿ 2.4 ಗಿಗಾಹರ್ಟ್ಸ್‌ನ ಕಾರ್ಟೆಕ್ಸ್ ಎ76 ಕೋರ್‌ಗಳು. ಒಂದೇ ಪ್ರೊಸೆಸರ್‌ನ ಹಳೆಯ ಪಿಸಿಯನ್ನು ಅನುಕರಿಸುವಾಗ ಆ ಕೆಲಸವೆಲ್ಲ ಹೆಚ್ಚುಕಡಿಮೆ ಒಂದೇ ಕೋರ್ ಮೇಲೆ ಬೀಳುತ್ತದೆ. ನಾಲ್ಕು ಕೋರ್ ಇದ್ದು ಜಾಸ್ತಿ ಉಪಯೋಗವಿಲ್ಲ, ಒಂದು ಕೋರ್ ಎಷ್ಟು ಚುರುಕು ಅನ್ನೋದೇ ಲೆಕ್ಕ. ಮೆಮೊರಿ 4 ಜಿಬಿ ಧಾರಾಳ, ಯಾಕೆಂದರೆ ವಿಂಡೋಸ್ 98ಕ್ಕೆ ನಾವು ಕೊಡೋದು 256 ಎಂಬಿ ಮಾತ್ರ. 512ಕ್ಕಿಂತ ಮೇಲೆ ಕೊಟ್ಟರೆ ಅದೇ ತೊಂದರೆ ಕೊಡುತ್ತದೆ.

ಪವರ್ ಅಡಾಪ್ಟರ್ ವಿಷಯದಲ್ಲಿ ಉಳಿತಾಯ ಮಾಡಬೇಡಿ. ಪೈ 5ಕ್ಕೆ 5 ವೋಲ್ಟ್, 5 ಆಂಪಿಯರ್ ಕೊಡೋ ಅಡಾಪ್ಟರ್ ಬೇಕು. 3 ಆಂಪಿಯರ್‌ನ ಸಾಧಾರಣ ಚಾರ್ಜರ್ ಹಾಕಿದರೂ ಬೋರ್ಡ್ ಏಳುತ್ತದೆ. ಆದರೆ ಆಗ ಯುಎಸ್‌ಬಿ ಕಿಂಡಿಗಳಿಗೆಲ್ಲ ಸೇರಿ 600 ಮಿಲಿಆಂಪಿಯರ್‌ಗಿಂತ ಜಾಸ್ತಿ ಬಿಡುವುದಿಲ್ಲ. ಇಲ್ಲಿ ಫ್ಲಾಪಿ ಡ್ರೈವ್, ಸಿಡಿ ಡ್ರೈವ್, ಎಸ್‌ಎಸ್‌ಡಿ ಎಲ್ಲವೂ ಯುಎಸ್‌ಬಿಯಲ್ಲೇ ನೇತಾಡುತ್ತವೆ. ಅಷ್ಟು ಕರೆಂಟಿನಲ್ಲಿ ಅವು ನಡೆಯುವುದಿಲ್ಲ.

ಫ್ಯಾನ್ ಇರೋ ಕೂಲರ್ ಕೂಡ ಬೇಕೇ ಬೇಕು. ಕಾರಣ ಮುಂದೆ ಬರುತ್ತದೆ.

ಬೂಷ್ಟು ಹಿಡಿದ ಫ್ಲಾಪಿಗಳು

ಮಲೆನಾಡಿನ ಮಳೆಗಾಲ ಫ್ಲಾಪಿಗೆ ಶತ್ರು. ಡ್ರೈವಿಗೆ ಹಾಕುವ ಮೊದಲು ಪ್ರತಿ ಫ್ಲಾಪಿಯ ತಗಡಿನ ಬಾಗಿಲು ಸರಿಸಿ, ಒಳಗಿನ ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು. ಬಿಳಿ ಚುಕ್ಕೆ ಕಂಡರೆ ಅದು ಬೂಷ್ಟು. ಹಾಗೇ ಹಾಕಿದರೆ ಬೂಷ್ಟು ಡ್ರೈವಿನ ಹೆಡ್ಡಿಗೆ ಅಂಟುತ್ತದೆ, ಅಲ್ಲಿಂದ ಮುಂದಿನ ಒಳ್ಳೆಯ ಫ್ಲಾಪಿಯನ್ನೂ ಗೀರುತ್ತದೆ. ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ, ಮಧ್ಯದ ಲೋಹದ ಬಿಲ್ಲೆಯನ್ನು ಬೆರಳಲ್ಲಿ ತಿರುಗಿಸುತ್ತಾ ಎರಡೂ ಬದಿ ಹಗುರವಾಗಿ ಒರೆಸಿ ಪೂರ್ತಿ ಒಣಗಲು ಬಿಡಬೇಕು. ಬೂಷ್ಟು ಇದ್ದ ಫ್ಲಾಪಿಗಳನ್ನು ಕೊನೆಗೆ ಓದಿಸಿ. ಮಧ್ಯೆ ಮಧ್ಯೆ ಹೆಡ್ ಕೂಡ ಒರೆಸಿ.

ಫ್ಲಾಪಿಯಿಂದ ಫೈಲ್ ನೇರ ಕಾಪಿ ಮಾಡಬೇಡಿ. ಪೂರ್ತಿ 1.44 ಎಂಬಿಯ ಇಮೇಜ್, ಅಂದರೆ ಇಡೀ ಫ್ಲಾಪಿಯ ಪಡಿಯಚ್ಚನ್ನು ಒಂದೇ ಫೈಲಾಗಿ ತೆಗೆಯಿರಿ. ಇದಕ್ಕೆ ಡಿಡಿರೆಸ್ಕ್ಯೂ ಅನ್ನೋ ತಂತ್ರಾಂಶ ಒಳ್ಳೆಯದು. ಅದು ಮೊದಲು ಸಲೀಸಾಗಿ ಬರೋ ಭಾಗವನ್ನೆಲ್ಲ ಓದಿಕೊಳ್ಳುತ್ತದೆ, ಕೆಟ್ಟ ಜಾಗಗಳಿಗೆ ಆಮೇಲೆ ಮರಳುತ್ತದೆ. ಎಲ್ಲಿ ಏನು ಸಿಕ್ಕಿತು ಅಂತ ಒಂದು ಪಟ್ಟಿಯನ್ನೂ ಇಡುತ್ತದೆ. ಹಾಗಾಗಿ ಬೇರೊಂದು ಡ್ರೈವಿನಲ್ಲಿ ಅದೇ ಫ್ಲಾಪಿ ಹಾಕಿ ಬಿಟ್ಟಲ್ಲಿಂದ ಮುಂದುವರಿಸಬಹುದು. ಒಂದು ಡ್ರೈವ್ ಓದದ ಜಾಗವನ್ನು ಇನ್ನೊಂದು ಓದಿದ್ದನ್ನು ನಾನೇ ಕಂಡಿದ್ದೇನೆ.

ವೈನ್ ಬೇಕೋ, ಕ್ಯೂಎಮು ಬೇಕೋ

ಪೈ ಮೇಲೆ ಹಳೆಯ ವಿಂಡೋಸ್ ತಂತ್ರಾಂಶ ಓಡಿಸಲು ಎರಡು ದಾರಿ.

ಒಂದು ವೈನ್ ಮತ್ತು ಬಾಕ್ಸ್86 ಅಥವಾ ಬಾಕ್ಸ್64. 1993ರಲ್ಲಿ ಶುರುವಾದ ವೈನ್ ಯಂತ್ರವನ್ನು ಅನುಕರಿಸುವುದಿಲ್ಲ. ತಂತ್ರಾಂಶ ವಿಂಡೋಸನ್ನು ಕೇಳೋ ಕೆಲಸಗಳನ್ನು ಪೈಯಲ್ಲಿ ಓಡೋ ಲಿನಕ್ಸ್ ಕೈಲಿ ಮಾಡಿಸುತ್ತದೆ. ಪೈಯಲ್ಲಿರೋದು ಆರ್ಮ್ ಪ್ರೊಸೆಸರ್, ಆದ್ದರಿಂದ ಇಂಟೆಲ್ ಸೂಚನೆಗಳನ್ನು ಆರ್ಮ್‌ಗೆ ಬದಲಿಸೋ ಕೆಲಸ ಬಾಕ್ಸ್86ರದ್ದು. ಇದು ವೇಗದ ದಾರಿ. ಪೈ 5ರಲ್ಲಿ ಒಂದು ಸಿದ್ಧತೆ ಬೇಕು. ಅದರ ಕರ್ನೆಲ್, ಅಂದರೆ ಲಿನಕ್ಸಿನ ತಿರುಳು, ಮೆಮೊರಿಯನ್ನು 16 ಕಿಲೋಬೈಟಿನ ಪುಟಗಳಾಗಿ ಹಂಚುತ್ತದೆ, ಇಂಟೆಲ್ ತಂತ್ರಾಂಶಗಳು 4 ಕಿಲೋಬೈಟಿನ ಪುಟ ಇದೆ ಅಂದುಕೊಂಡಿರುತ್ತವೆ. ಬೂಟ್ ವಿಭಾಗದ ಕಾನ್ಫಿಗ್ ಫೈಲಿನಲ್ಲಿ ಕರ್ನೆಲ್8 ಇಮೇಜನ್ನು ಹೆಸರಿಸೋ ಒಂದು ಸಾಲು ಸೇರಿಸಿ ಮತ್ತೆ ಬೂಟ್ ಮಾಡಿದರೆ 4 ಕಿಲೋಬೈಟಿನ ಕರ್ನೆಲ್ ಬರುತ್ತದೆ.

ಚಿಕ್ಕಪುಟ್ಟ ತಂತ್ರಾಂಶಕ್ಕೆ ಈ ದಾರಿಯೇ ಸಾಕು. ನಮ್ಮ ಕೆಲಸಕ್ಕೆ ಸಾಲದಾದದ್ದು ಎರಡು ಕಾರಣಕ್ಕೆ. ಆ ಕಾಲದ ಎಷ್ಟೋ ತಂತ್ರಾಂಶ 32 ಬಿಟ್‌ನದ್ದಾದರೂ ಅದನ್ನು ಕೂರಿಸೋ ಸೆಟಪ್ 16 ಬಿಟ್‌ನದ್ದು, ಈ ದಾರಿಯಲ್ಲಿ ಅದೇ ತೊಡಕು. ಎರಡನೆಯದು, ಪುಟಜೋಡಣೆಗೆ ವಿಂಡೋಸಿನ ನಿಜವಾದ ಪ್ರಿಂಟರ್ ಡ್ರೈವರ್ ಬೇಕು. ಇದರ ಬಗ್ಗೆ ಮುಂದೆ ಹೇಳುತ್ತೇನೆ, ಇಡೀ ಕೆಲಸದ ತಿರುಳು ಅಲ್ಲೇ ಇದೆ.

ಎರಡನೆಯ ದಾರಿ ಕ್ಯೂಎಮು. ಫ್ಯಾಬ್ರಿಸ್ ಬೆಲ್ಲಾರ್ಡ್ ಶುರು ಮಾಡಿದ್ದು. ಇದು ಇಡೀ ಪಿಸಿಯನ್ನೇ ಅನುಕರಿಸುತ್ತದೆ. ಪ್ರೊಸೆಸರ್, ಇಂಟೆಲ್ 440ಎಫ್ಎಕ್ಸ್ ಮದರ್‌ಬೋರ್ಡ್, ಸಿರಸ್ ಲಾಜಿಕ್ ವಿಡಿಯೊ ಕಾರ್ಡ್, ಐಡಿಇ ಡಿಸ್ಕ್, ಫ್ಲಾಪಿ, ಎಲ್ಲವೂ. ಇಂಟೆಲ್ ಸೂಚನೆಗಳನ್ನು ತುಂಡು ತುಂಡಾಗಿ ಆರ್ಮ್‌ಗೆ ಬದಲಿಸಿ, ಬದಲಿಸಿದ ತುಂಡನ್ನು ಇಟ್ಟುಕೊಂಡು ಮತ್ತೆ ಬಳಸುತ್ತದೆ. ವೈನ್‌ಗಿಂತ ನಿಧಾನ, ನಿಜ. ಆದರೆ ಪೇಜ್‌ಮೇಕರ್ ಬರೆದದ್ದೇ ಪೆಂಟಿಯಮ್ ಕಾಲದ ಯಂತ್ರಕ್ಕೆ. ಪೈ 5 ಮೇಲೆ ಅದು ಆರಾಮವಾಗಿ ಕೆಲಸ ಮಾಡುವಷ್ಟು ಓಡುತ್ತದೆ.

ವಿಂಡೋಸ್ 98 ಕೂರಿಸಿದ್ದು

ಚಿಕ್ಕಪ್ಪನ ಹಳೆಯ ಪಿಸಿಯ ಜೊತೆ ಬಂದ ವಿಂಡೋಸ್ 98 ಸೆಕೆಂಡ್ ಎಡಿಷನ್ ಸಿಡಿ ಮತ್ತು ಕೀ ಇತ್ತು. ಸೆಟಪ್ಪನ್ನು ಪೈ ಮೇಲೇ ಮಾಡಬೇಕೆಂದಿಲ್ಲ. ಮನೆಯ ಲ್ಯಾಪ್‌ಟಾಪಿನಲ್ಲಿ ಅದೇ ಕ್ಯೂಎಮು ಹಾಕಿ, ಅದೇ ಹಾರ್ಡ್‌ವೇರ್ ಆಯ್ಕೆಗಳೊಂದಿಗೆ ಸೆಟಪ್ ಮುಗಿಸಿ, ಡಿಸ್ಕ್ ಇಮೇಜನ್ನು ಪೈಗೆ ಕಾಪಿ ಮಾಡಿದೆ. ಒಳಗಿನ ವಿಂಡೋಸಿಗೆ ಯಂತ್ರ ಬದಲಾದದ್ದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಅದು ಕಾಣೋದು ಅನುಕರಣೆಯ ಪಿಸಿಯನ್ನು ಮಾತ್ರ. ಇದರಿಂದ ತುಂಬ ಹೊತ್ತು ಉಳಿಯುತ್ತದೆ.

ಆಯ್ಕೆಗಳು ಹೀಗಿವೆ. ಮಷೀನ್ ‘ಪಿಸಿ’, ಮೆಮೊರಿ 256 ಎಂಬಿ, ವಿಡಿಯೊ ಸಿರಸ್. ಸಿರಸ್‌ನ ಡ್ರೈವರ್ ವಿಂಡೋಸ್ 98ರಲ್ಲೇ ಇದೆ. ಬಣ್ಣ 16 ಬಿಟ್‌ಗೆ ಇಡಿ, ಅದರಲ್ಲೇ ವೇಗ ಚೆನ್ನಾಗಿ ಬರುತ್ತದೆ. ಗಡಿಯಾರ ಸ್ಥಳೀಯ ಸಮಯಕ್ಕೆ. ನೆಟ್‌ವರ್ಕ್ ಬೇಡವೇ ಬೇಡ. ವಿಂಡೋಸ್ 98ನ್ನು ಇವತ್ತು ಅಂತರ್ಜಾಲಕ್ಕೆ ಜೋಡಿಸೋದರಲ್ಲಿ ಅರ್ಥವಿಲ್ಲ. ಕ್ಯೂಎಮು ಕಿಟಕಿಯೊಳಗೆ ಸಿಕ್ಕಿಕೊಂಡ ಮೌಸ್ ಬಿಡಿಸಲು ಕಂಟ್ರೋಲ್, ಆಲ್ಟ್, ಜಿ ಒಟ್ಟಿಗೆ ಒತ್ತಬೇಕು. ಇದನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿದ್ದೇನೆ.

ಈಗ ಫ್ಯಾನಿನ ಮಾತು. ವಿಂಡೋಸ್ 98 ಕೆಲಸವಿಲ್ಲದಾಗಲೂ ಪ್ರೊಸೆಸರನ್ನು ನಿಲ್ಲಿಸುವುದಿಲ್ಲ, ಸುಮ್ನೆ ಸುತ್ತುತ್ತಲೇ ಇರುತ್ತದೆ. ಹಾಗಾಗಿ ಒಳಗೆ ಯಾರೂ ಏನೂ ಮಾಡದಿದ್ದರೂ ಪೈಯ ಒಂದು ಕೋರ್ ನೂರಕ್ಕೆ ನೂರು ದುಡಿಯುತ್ತದೆ. ಬೋರ್ಡ್ ಬಿಸಿಯಾಗುತ್ತದೆ, ತೀರಾ ಬಿಸಿಯಾದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಕ್ಯೂಎಮು ಕೈಪಿಡಿಯೇ ಇದಕ್ಕೆ ಆಮ್ನ್ ರೆಫ್ರಿಜರೇಟರ್ ಅನ್ನೋ ಪುಟ್ಟ ತಂತ್ರಾಂಶ ಹೇಳಿದೆ. ಅದನ್ನು ವಿಂಡೋಸ್ ಒಳಗೆ ಹಾಕಿದ ಮೇಲೆ ಬಿಡುವಿನ ಹೊತ್ತಲ್ಲಿ ಕೋರ್ ತಣ್ಣಗಾಗುತ್ತದೆ, ಫ್ಯಾನಿನ ಸದ್ದೂ ಅಡಗುತ್ತದೆ.

ಡಿಸ್ಕ್ ಎರಡು ಮಾಡಿದೆ. ಸಿ ಡ್ರೈವಿನಲ್ಲಿ ವಿಂಡೋಸ್, ಪೇಜ್‌ಮೇಕರ್, ನುಡಿ, ಫಾಂಟ್‌ಗಳು. ಡಿ ಡ್ರೈವಿನಲ್ಲಿ ಕೆಲಸದ ಫೈಲ್‌ಗಳು. ಇದಕ್ಕೂ ಕಾರಣವಿದೆ. ಪೇಜ್‌ಮೇಕರ್ ದೊಡ್ಡ ಚಿತ್ರಗಳನ್ನು ಒಳಗೆ ಇಟ್ಟುಕೊಳ್ಳದೆ ಹೊರಗಿನ ಫೈಲಿಗೆ ಕೊಂಡಿ ಹಾಕಿರುತ್ತದೆ. ಚಿಕ್ಕಪ್ಪನ ಪಿಸಿಯಲ್ಲಿ ಕೆಲಸವೆಲ್ಲ ಡಿ ಡ್ರೈವಿನಲ್ಲಿತ್ತು. ಇಲ್ಲಿಯೂ ಅದೇ ಅಕ್ಷರ, ಅದೇ ಫೋಲ್ಡರ್ ಹೆಸರು ಇಟ್ಟಿದ್ದರಿಂದ ಚಿತ್ರಗಳನ್ನು ಒಂದೊಂದಾಗಿ ತೋರಿಸಿಕೊಡೋ ಗೋಳು ತಪ್ಪಿತು. ಡಿ ಡ್ರೈವಿನ ಇಮೇಜ್ ಕಚ್ಚಾ ರೂಪದ್ದು, ಫ್ಯಾಟ್16. ಕ್ಯೂಎಮು ನಿಂತ ಮೇಲೆ ಅದನ್ನು ಲಿನಕ್ಸ್ ನೇರವಾಗಿ ಮೌಂಟ್ ಮಾಡುತ್ತದೆ. ಎರಡೂ ಕಡೆ ಒಂದೇ ಹೊತ್ತಿಗೆ ಮಾತ್ರ ತೆರೆಯಬಾರದು. ತೆರೆದರೆ ಇಡೀ ಡಿಸ್ಕ್ ಕಲಸಿಹೋಗುತ್ತದೆ.

ಫಾಂಟ್, ಪ್ರಿಂಟರ್, ಸಾಲು

ಫೈಲ್ ಬಯಸೋ ಫಾಂಟ್ ಇಲ್ಲದಿದ್ದರೆ ಪೇಜ್‌ಮೇಕರ್ ‘ಪ್ಯಾನೋಸ್’ ಹೆಸರಿನ ಪಟ್ಟಿ ತೋರಿಸಿ, ಬದಲಿಗೆ ಹತ್ತಿರದ ಫಾಂಟ್ ಹಾಕುತ್ತೇನೆ ಅನ್ನುತ್ತದೆ. ಅದಕ್ಕೆ ಹತ್ತಿರದ್ದು ಅಂದರೆ ಯಾವುದೋ ಇಂಗ್ಲಿಷ್ ಫಾಂಟ್. ಪುಟವೆಲ್ಲ ಪಿ, ಕ್ಯೂ, ಪೌಂಡ್ ಆಗಿ ನಿಲ್ಲುತ್ತದೆ. ಆ ಪಟ್ಟಿಯನ್ನು ಮುಚ್ಚಬೇಡಿ, ಬರೆದುಕೊಳ್ಳಿ. ಯಾವ ಯಾವ ಫಾಂಟ್ ಹುಡುಕಬೇಕು ಅಂತ ಅದೇ ಹೇಳುತ್ತದೆ. ಹಳೆಯ ಹಾರ್ಡ್‌ಡಿಸ್ಕಿನ ವಿಂಡೋಸ್ ಫಾಂಟ್ ಫೋಲ್ಡರನ್ನು ಪೂರ್ತಿ ಕಾಪಿ ಮಾಡಿಟ್ಟುಕೊಳ್ಳೋದು ಈ ಇಡೀ ಕೆಲಸದಲ್ಲಿ ಅತಿ ಬೆಲೆಯುಳ್ಳ ಹೆಜ್ಜೆ. ಫೈಲ್‌ಗಿಂತ ಮೊದಲು ಫಾಂಟ್ ಉಳಿಸಿ ಅಂತ ಎಲ್ಲರಿಗೂ ಹೇಳುತ್ತೇನೆ.

ಹಳೆಯ ಪ್ರಿಂಟರ್ ಕಿಂಡಿಯಾದ ಪ್ಯಾರಲಲ್ ಪೋರ್ಟಿಗೆ ಡಾಂಗಲ್ ಅನ್ನೋ ಬೀಗದ ಕೀಲಿಯಂಥ ತುಂಡು ಸಿಕ್ಕಿಸಿದರೆ ಮಾತ್ರ ಓಡುತ್ತಿದ್ದ ಟೈಪಿಂಗ್ ತಂತ್ರಾಂಶವೂ ಅವರ ಬಳಿ ಇತ್ತು. ಪೈಗೆ ಆ ಪೋರ್ಟ್ ಇಲ್ಲ. ಪ್ರಿಂಟರ್‌ಗೆಂದು ಮಾರೋ ಯುಎಸ್‌ಬಿ ಕೇಬಲ್‌ನಲ್ಲಿ ಡಾಂಗಲ್ ಕೆಲಸ ಮಾಡುವುದಿಲ್ಲ. ಆದರೆ ಅದರ ಫಾಂಟ್‌ಗಳು ಸಾಧಾರಣ ಟ್ರೂಟೈಪ್ ಫೈಲ್‌ಗಳು. ಹೊಸದಾಗಿ ಟೈಪ್ ಮಾಡೋದಿಲ್ಲ ಅಂದಮೇಲೆ ಪುಟ ನೋಡಲು, ಪಿಡಿಎಫ್ ತೆಗೆಯಲು ಫಾಂಟ್ ಇದ್ದರೆ ಸಾಕು.

ಫಾಂಟ್ ಕೂರಿಸಿ ಮೊದಲ ಪ್ರಸಂಗ ತೆರೆದಾಗ ಕನ್ನಡ ಅಚ್ಚುಕಟ್ಟಾಗಿ ಬಂತು. ಚಿಕ್ಕಪ್ಪ ಅಚ್ಚಾದ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ನೋಡಿದರು. “ಈ ಸಾಲು ಇಲ್ಲಿ ಒಡೆದಿರ್ಲಿಲ್ಲ ಮಾರಾಯ” ಅಂದರು. ಅವರ ಮಾತು ನಿಜ. ಪೇಜ್‌ಮೇಕರ್ ಒಂದು ಗುರಿ ಪ್ರಿಂಟರನ್ನು ಮನಸ್ಸಿನಲ್ಲಿಟ್ಟುಕೊಂಡು ಸಾಲು ಜೋಡಿಸುತ್ತದೆ. ಡಾಕ್ಯುಮೆಂಟ್ ಸೆಟಪ್‌ನಲ್ಲಿ ಆ ಪ್ರಿಂಟರಿನ ಹೆಸರೂ ರೆಸಲ್ಯೂಷನ್ನೂ ಇರುತ್ತವೆ. ಪ್ರಿಂಟರ್ ಬದಲಾದರೆ ಅಕ್ಷರಗಳ ಅಗಲದ ಲೆಕ್ಕ ಕೂದಲೆಳೆಯಷ್ಟು ಬದಲಾಗುತ್ತದೆ, ಒಂದು ಪದ ಕೆಳಗಿನ ಸಾಲಿಗೆ ಜಾರುತ್ತದೆ, ಪುಟದ ಕೊನೆಗೆ ಬರೋ ಹೊತ್ತಿಗೆ ಒಂದು ಪದ್ಯವೇ ಮುಂದಿನ ಪುಟಕ್ಕೆ ಹೋಗಿರುತ್ತದೆ. ಪರಿಹಾರ ಸರಳ. ಆಗ ಬಳಸುತ್ತಿದ್ದ ಲೇಸರ್ ಪ್ರಿಂಟರಿನ ಡ್ರೈವರನ್ನೇ ವಿಂಡೋಸ್ 98ರಲ್ಲಿ ಹಾಕಿದೆ. ಪ್ರಿಂಟರ್ ಇರಬೇಕಿಲ್ಲ, ಡ್ರೈವರ್ ಇದ್ದರೆ ಸಾಕು. ಸಾಲುಗಳು ಪುಸ್ತಕದಲ್ಲಿ ಇದ್ದಲ್ಲಿಗೇ ಬಂದು ಕೂತವು. ನಿಜವಾದ ವಿಂಡೋಸ್ ಬೇಕು ಅಂದದ್ದು ಇದಕ್ಕೇ.

ಪಿಡಿಎಫ್ ತೆಗೆಯೋದು ಪೋಸ್ಟ್‌ಸ್ಕ್ರಿಪ್ಟ್ ಮೂಲಕ, ಅಂದರೆ ಪ್ರಿಂಟರಿಗೆ ಪುಟವನ್ನು ವಿವರಿಸೋ ಭಾಷೆಯ ಮೂಲಕ. ವಿಂಡೋಸಿನಲ್ಲಿ ಒಂದು ಆ್ಯಪಲ್ ಲೇಸರ್‌ರೈಟರ್ ಡ್ರೈವರ್ ಹಾಕಿ, ಅದರ ಪೋರ್ಟನ್ನು ‘ಫೈಲ್’ ಅಂತ ಕೊಟ್ಟೆ. ಗುರಿ ಪ್ರಿಂಟರ್ ಹಳೆಯದೇ ಇರಲಿ, ಮುದ್ರಿಸುವಾಗ ಮಾತ್ರ ಇದನ್ನು ಆರಿಸಿ. ಮತ್ತೆ ಸಾಲು ಜೋಡಿಸಲೇ ಅಂತ ಕೇಳಿದರೆ ಬೇಡ ಅನ್ನಿ. ಡ್ರೈವರಿನ ಫಾಂಟ್ ವಿಭಾಗದಲ್ಲಿ ಟ್ರೂಟೈಪ್ ಫಾಂಟ್‌ಗಳನ್ನು ಔಟ್‌ಲೈನ್ ಆಗಿ ಕಳಿಸುವಂತೆ ಇಡಬೇಕು. ಬಿಟ್‌ಮ್ಯಾಪ್ ಆಗಿ ಹೋದರೆ ದೊಡ್ಡದು ಮಾಡಿದಾಗ ಒತ್ತಕ್ಷರಗಳ ಅಂಚು ಹಲ್ಲುಹಲ್ಲಾಗಿ ಕಾಣುತ್ತದೆ. ನಮ್ಮ ಪುಸ್ತಕಗಳು ಹೆಚ್ಚಿನವು ಡೆಮಿ 1/8. ಎ4 ಹಾಳೆ ಆರಿಸಿ, ಕ್ರಾಪ್ ಗುರುತು ಹಾಕಿ ಮುದ್ರಿಸಿ, ಆಮೇಲೆ ಅಂಚು ಕತ್ತರಿಸಿದರೆ ಅಳತೆ ಸರಿಯಾಗಿ ಬರುತ್ತದೆ. ಪೋಸ್ಟ್‌ಸ್ಕ್ರಿಪ್ಟ್ ಫೈಲ್ ಡಿ ಡ್ರೈವಿನಲ್ಲಿ ಬೀಳುತ್ತದೆ. ಕ್ಯೂಎಮು ನಿಂತ ಮೇಲೆ ಒಂದು ಸ್ಕ್ರಿಪ್ಟ್ ಆ ಡಿಸ್ಕನ್ನು ಮೌಂಟ್ ಮಾಡಿ, ಘೋಸ್ಟ್‌ಸ್ಕ್ರಿಪ್ಟ್ ಅನ್ನೋ ತಂತ್ರಾಂಶದಿಂದ ಪಿಡಿಎಫ್ ಮಾಡಿ, ಬೇರೆ ಫೋಲ್ಡರಿನಲ್ಲಿ ಇಡುತ್ತದೆ.

ಬರಹವನ್ನು ಯುನಿಕೋಡಿಗೆ

ಪಿಡಿಎಫ್ ನೋಡಲು ಚೆಂದ, ಹುಡುಕಲು ಆಗದು. ಒಳಗೆ ಇನ್ನೂ ಅದೇ ಪಿ, ಕ್ಯೂ. ಹಾಗಾಗಿ ಬರಹವನ್ನು ಬೇರೆಯಾಗಿ ತೆಗೆದೆ.

ಪೇಜ್‌ಮೇಕರ್‌ನಿಂದ ಬರಹ ಹೊರಗೆ ತೆಗೆಯುವಾಗ ಸಾದಾ ಟೆಕ್ಸ್ಟ್ ಬೇಡ, ಆರ್‌ಟಿಎಫ್ ಆರಿಸಿ. ಸಾದಾ ಟೆಕ್ಸ್ಟಿನಲ್ಲಿ ಯಾವ ತುಂಡು ಯಾವ ಫಾಂಟಿನದು ಅನ್ನೋ ಗುರುತು ಅಳಿಸಿಹೋಗುತ್ತದೆ. ಆಗ ನಡುವೆ ಇರೋ ಇಂಗ್ಲಿಷ್ ಹೆಸರು, ವಿಳಾಸಗಳನ್ನೂ ಪರಿವರ್ತಕ ಕನ್ನಡ ಅಂದುಕೊಂಡು ಅರ್ಥವಿಲ್ಲದ ಅಕ್ಷರ ಮಾಡುತ್ತದೆ. ಆರ್‌ಟಿಎಫ್‌ನಲ್ಲಿ ಫಾಂಟಿನ ಹೆಸರು ಉಳಿದಿರುತ್ತದೆ. ನುಡಿ ಫಾಂಟ್ ಇರೋ ತುಂಡು ಮಾತ್ರ ಪರಿವರ್ತನೆಗೆ ಹೋಗುತ್ತದೆ. ನುಡಿ ಮತ್ತು ಬರಹದ ಫಾಂಟ್‌ಗಳಿಗೆ ಒಂದೇ ಸಂಕೇತ ಜೋಡಣೆ ಸಾಕು, ಶ್ರೀಲಿಪಿ ಅನ್ನೋ ಇನ್ನೊಂದು ತಂತ್ರಾಂಶದ್ದು ಬೇರೆಯೇ. ಓದುವಾಗ ವಿಂಡೋಸ್ 1252 ಸಂಕೇತದಲ್ಲೇ ಓದಬೇಕು. ಯುಟಿಎಫ್ 8 ಅಂತ ಓದಿದರೆ ಅರ್ಧ ಅಕ್ಷರಗಳು ಅಲ್ಲೇ ಸಾಯುತ್ತವೆ.

ಪರಿವರ್ತಕವನ್ನು ಪೈಥಾನಿನಲ್ಲಿ ನಾನೇ ಬರೆದೆ. ಸಿದ್ಧ ಪರಿವರ್ತಕಗಳೂ ಸಿಗುತ್ತವೆ. ಎರಡು ಜಾಗದಲ್ಲಿ ಎಚ್ಚರ ಬೇಕು. ಮೊದಲನೆಯದು ಮ. ಈ ಫಾಂಟ್‌ಗಳಲ್ಲಿ ಮಕಾರಕ್ಕೆ ಬೇರೆ ಚಿತ್ರವಿಲ್ಲ. ವಕಾರದ ಒಡಲು, ತಲೆಕಟ್ಟು, ಕೊಂಬು ಸೇರಿದರೆ ಮ. ನಿಜವಾದ ‘ವು’ಗೆ ಇನ್ನೊಂದು ಬಗೆಯ ಕೊಂಬು ಇದೆ. ಆದ್ದರಿಂದ ಉದ್ದದ ಜೋಡಣೆಯನ್ನು ಮೊದಲು ಹುಡುಕಬೇಕು. ಇಲ್ಲದಿದ್ದರೆ ‘ಮರ’ ಹೋಗಿ ‘ವುರ’ ಆಗುತ್ತದೆ. ಎರಡನೆಯದು ಅರ್ಕಾವೊತ್ತು. ‘ಕರ್ನಾಟಕ’ದಲ್ಲಿ ಕಣ್ಣಿಗೆ ಮೊದಲು ‘ನಾ’ ಕಾಣುತ್ತದೆ, ಆಮೇಲೆ ಅರ್ಕಾವೊತ್ತು. ಫೈಲಿನಲ್ಲೂ ಅದೇ ಕ್ರಮ. ಯುನಿಕೋಡಿನಲ್ಲಿ ರಕಾರವೇ ಮೊದಲು ಬರಬೇಕು. ಅರ್ಕಾವೊತ್ತು ಸಿಕ್ಕಾಗ ಹಿಂದಿನ ಇಡೀ ಅಕ್ಷರವನ್ನು, ಅದರ ಸ್ವರ ಚಿಹ್ನೆ ಮತ್ತು ಒತ್ತಿನ ಸಮೇತ ಹಿಡಿದು, ರ ಮತ್ತು ಹಲಂತವನ್ನು ಅದರ ಮುಂದಕ್ಕೆ ತರಬೇಕು.

ಸರಿಯಾಗಿದೆಯೇ ಅಂತ ನೋಡಲು ಒಂದು ಸುಲಭ ಉಪಾಯ ಇದೆ. ಸ್ವರ ಚಿಹ್ನೆಯಿಂದಲೋ ಹಲಂತದಿಂದಲೋ ಶುರುವಾಗೋ ಪದಗಳನ್ನು ಪಟ್ಟಿ ಮಾಡಿಸಿ. ಕನ್ನಡದಲ್ಲಿ ಅಂಥ ಪದ ಇರಲು ಸಾಧ್ಯವಿಲ್ಲ. ಪಟ್ಟಿಯಲ್ಲಿ ಏನು ಬಂದರೂ ಅದು ಪರಿವರ್ತಕದ ನಿಯಮ ಬಿಟ್ಟುಹೋದ ಜಾಗ, ಇಲ್ಲವೇ ಕೆಟ್ಟ ಫ್ಲಾಪಿಯ ಜಾಗ.

ಕೊನೆಯ ಹೊಂದಾಣಿಕೆ

ನಮ್ಮಲ್ಲಿ ಕರೆಂಟು ಹೇಳದೆ ಹೋಗುತ್ತದೆ. ಆಗ ವಿಂಡೋಸ್ 98 ಕೆಡಬಾರದು. ಅದಕ್ಕೆ ಸಿ ಡ್ರೈವನ್ನು ಕ್ಯೂಎಮುವಿನ ಸ್ನ್ಯಾಪ್‌ಶಾಟ್ ಆಯ್ಕೆಯಲ್ಲಿ ಓಡಿಸುತ್ತೇನೆ. ಬರೆದದ್ದೆಲ್ಲ ತಾತ್ಕಾಲಿಕ ಫೈಲಿಗೆ ಹೋಗುತ್ತದೆ, ಮೂಲ ಇಮೇಜ್ ಮುಟ್ಟುವುದಿಲ್ಲ. ಪ್ರತಿ ಸಲವೂ ಹೊಸದಾಗಿ ಕೂರಿಸಿದ ವಿಂಡೋಸೇ ಏಳುತ್ತದೆ. ಹೊಸ ಫಾಂಟ್ ಸೇರಿಸುವಾಗ ಮಾತ್ರ ಸ್ನ್ಯಾಪ್‌ಶಾಟ್ ಆಯ್ಕೆ ಬಿಟ್ಟು ಓಡಿಸಬೇಕು. ಡಿ ಡ್ರೈವಿನಲ್ಲಿ ಬರೆದದ್ದು ಉಳಿಯುತ್ತದೆ. ಎರಡೂ ಇಮೇಜ್ ಎಸ್‌ಡಿ ಕಾರ್ಡಿನಲ್ಲಿಲ್ಲ, ಎಸ್‌ಎಸ್‌ಡಿಯಲ್ಲಿವೆ.

ಇನ್ನು ಉಳಿದಿರೋದು ಮುಖಪುಟಗಳು. ಅವು ಚಿತ್ರ ಬಿಡಿಸೋ ತಂತ್ರಾಂಶವಾದ ಕೋರಲ್ ಡ್ರಾದಲ್ಲಿವೆ, ದೊಡ್ಡ ದೊಡ್ಡ ಬಣ್ಣದ ಚಿತ್ರಗಳ ಸಮೇತ. ಅದೇ ಸಿ ಡ್ರೈವಿನ ಇನ್ನೊಂದು ಪ್ರತಿಯಲ್ಲಿ ಕೋರಲ್ ಹಾಕಿದ್ದೇನೆ. ಪೂರ್ಣ ನೋಟದಲ್ಲಿ ಪರದೆ ನಿಧಾನವಾಗಿ ತುಂಬಿಕೊಳ್ಳುತ್ತದೆ, ಬರೀ ಗೆರೆಗಳು ಕಾಣೋ ವೈರ್‌ಫ್ರೇಮ್ ನೋಟದಲ್ಲಿ ಓಡಾಡಿದರೆ ಕೆಲಸ ಸಾಗುತ್ತದೆ. ಮುದ್ರಣಕ್ಕೆ ಅದೇ ಲೇಸರ್‌ರೈಟರ್ ಸಾಲದು, ಬಣ್ಣದ ಪೋಸ್ಟ್‌ಸ್ಕ್ರಿಪ್ಟ್ ಪ್ರಿಂಟರಿನ ಡ್ರೈವರ್ ಬೇಕು. ಅದನ್ನು ಹಾಕಿ, ಪ್ರಸಂಗದ ಪುಸ್ತಕಗಳ ಮುಖಪುಟದಿಂದಲೇ ಶುರು ಮಾಡುತ್ತಿದ್ದೇನೆ.